ಕ್ಯೂ: ಸ್ನೂಕರ್ ಮತ್ತು ಪೂಲ್ ಆಟದ ಕೋಲು, ಕಾಫಿ ಮಲೆನಾಡಿನಲ್ಲಿ ಅದರ ಆಯ್ಕೆ

ಕ್ಯೂ: ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಟಗಳಲ್ಲಿ ಬಿಳಿ ಚೆಂಡನ್ನು ಹೊಡೆಯಲು ಬಳಸುವ, ಮುಂದಕ್ಕೆ ಸಣ್ಣಗಾಗುತ್ತ ಹೋಗುವ ಕೋಲು. ಉದ್ದ ಸಾಮಾನ್ಯವಾಗಿ 57ರಿಂದ 58 ಇಂಚು, ಅಂದರೆ 145ರಿಂದ 147 ಸೆಂ.ಮೀ.; ತೂಕ ಅರ್ಧ ಕಿಲೋ ಆಸುಪಾಸು. ತುದಿಯಲ್ಲಿ ಚರ್ಮದ ಟಿಪ್, ಅದರ ಕೆಳಗೆ ಫೆರೂಲ್ ಎನ್ನುವ ಬಳೆ, ಆಮೇಲೆ ಉದ್ದನೆಯ ದಂಡ, ಕೊನೆಗೆ ಕೈಯಲ್ಲಿ ಹಿಡಿಯುವ ದಪ್ಪ ಭಾಗವಾದ ಬಟ್. ಪಾರ್ಲರುಗಳಲ್ಲಿ ಆಡುವ ಹುಡುಗರ ಬಾಯಲ್ಲಿ ಇದು ಬರೀ ಸ್ಟಿಕ್.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಕೋಲು ಎರಡು ಬಗೆಯ ಜಾಗಗಳಲ್ಲಿ ಸಿಗುತ್ತದೆ. ಒಂದು, ಪ್ಲಾಂಟರುಗಳ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆ. ಅಲ್ಲಿರುವುದು ಹನ್ನೆರಡು ಅಡಿಯ ದೊಡ್ಡ ಮೇಜು, ಅದರ ಮೇಲೆ ಸ್ನೂಕರ್ ಮತ್ತು ಬಿಲಿಯರ್ಡ್ಸ್. ಇನ್ನೊಂದು, ಈಚಿನ ವರ್ಷಗಳಲ್ಲಿ ಹೋಂಸ್ಟೇ, ರೆಸಾರ್ಟುಗಳಲ್ಲಿ ಮತ್ತು ಪೇಟೆಯ ಗೇಮ್ ಪಾರ್ಲರುಗಳಲ್ಲಿ ಬಂದು ಕೂತಿರುವ ಏಳೆಂಟು ಅಡಿಯ ಪೂಲ್ ಮೇಜು. ವಾರದ ದಿನ ಕ್ಲಬ್ಬಿನಲ್ಲಿ ಸ್ನೂಕರ್, ಭಾನುವಾರ ನೆಂಟರೊಂದಿಗೆ ಪೂಲ್ ಆಡುವವರು ಇಲ್ಲಿ ಬಹಳ. ಅಂಥವರು ತಮ್ಮದೇ ಕ್ಯೂ ಕೊಳ್ಳಲು ಹೊರಟರೆ ಯಾವುದನ್ನು ಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ. ಬಣ್ಣ, ಹೆಸರು, ಬೆಲೆ ನೋಡಿ ಆರಿಸುವುದು ರೂಢಿ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಚೆಂಡಿನ ಗಾತ್ರ ಮತ್ತು ತೂಕ. ಮಲೆನಾಡಿನಲ್ಲಿ ಇದರ ಜೊತೆಗೆ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಟ ಬಂದ ದಾರಿ

ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ. 1875ರಲ್ಲಿ ಜಬಲ್‌ಪುರದ ಸೈನಿಕ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ, ಆಗ ಚಾಲ್ತಿಯಲ್ಲಿದ್ದ ಬ್ಲ್ಯಾಕ್ ಪೂಲ್ ಎಂಬ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟವೊಂದನ್ನು ಕಟ್ಟಿದ. ಅದರ ನಿಯಮಗಳು 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ಒಂದು ರೂಪಕ್ಕೆ ಬಂದು ಅಲ್ಲಿಯ ಬಿಲಿಯರ್ಡ್ಸ್ ಕೋಣೆಯ ಗೋಡೆ ಏರಿದವು. ಇಂಗ್ಲೆಂಡಿನ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ 1885ರಲ್ಲಿ ಕಲ್ಕತ್ತಕ್ಕೆ ಬಂದಾಗ ಚೇಂಬರ್ಲೇನ್‌ನಿಂದಲೇ ಈ ಆಟವನ್ನು ಕೇಳಿ ತಿಳಿದುಕೊಂಡು ತನ್ನ ದೇಶಕ್ಕೆ ಒಯ್ದ. ನೀಲಗಿರಿಗೂ ನಮ್ಮ ಕಾಫಿ ಬೆಟ್ಟಗಳಿಗೂ ಸಂಬಂಧ ದೂರದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಎರಡೂ ಕಡೆ ತೋಟ ಮಾಡಿದವರು ಒಂದೇ ಬಗೆಯ ಜನ, ಕಟ್ಟಿಕೊಂಡದ್ದು ಒಂದೇ ಬಗೆಯ ಕ್ಲಬ್ಬು.

ತೋಟಗಳ ನಡುವೆ ಮೈಲುಗಟ್ಟಲೆ ಕಾಡು; ಸಂಜೆ ಸೇರಲು ಒಂದು ಜಾಗ ಬೇಕಿತ್ತು. ಟೆನಿಸ್ ಅಂಗಳ, ಇಸ್ಪೀಟಿನ ಮೇಜು, ಬಿಲಿಯರ್ಡ್ಸ್ ಕೋಣೆ ಪ್ಲಾಂಟರ್ ಕ್ಲಬ್ಬುಗಳ ಮಾಮೂಲಿ ವ್ಯವಸ್ಥೆ. ಚಿಕ್ಕಮಗಳೂರಿನ ಕಡೂರು ಕ್ಲಬ್, ಸಕಲೇಶಪುರದ ಮಂಜರಾಬಾದ್ ಕ್ಲಬ್ ಈ ಪರಂಪರೆಯವು. ಚಿಕ್ಕಮಗಳೂರು ಪೇಟೆಯ ಕ್ಲಬ್ಬಿಗೆ ಕಡೂರಿನ ಹೆಸರೇಕೆ ಎಂದು ಕೇಳುವವರಿದ್ದಾರೆ. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರಿತ್ತು. ಬಿಳಿಯರು ತೋಟ ಮಾರಿ ಹೋದ ಮೇಲೆ ಕ್ಲಬ್ಬುಗಳು ಊರಿನ ಬೆಳೆಗಾರರ ಕೈಗೆ ಬಂದವು, ಆಟವೂ ಅವರದಾಯಿತು.

ಈ ಕೋಣೆಗಳಲ್ಲಿ ಸದಸ್ಯರಿಗಿಂತ ಮುಖ್ಯನಾದವನು ಮಾರ್ಕರ್. ಅಂಕ ಎಣಿಸುವುದು, ಚೆಂಡು ಒರೆಸಿ ಜೋಡಿಸುವುದು, ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವುದು, ಟಿಪ್ ಕಟ್ಟುವುದು, ಜೊತೆಗಾರ ಸಿಗದವರೊಂದಿಗೆ ಆಡುವುದು ಎಲ್ಲವೂ ಅವನ ಕೆಲಸ. ಭಾರತದ ಬಿಲಿಯರ್ಡ್ಸ್ ಇತಿಹಾಸವನ್ನು ಚಾಂಪಿಯನ್ನರ ಹೆಸರಿನಲ್ಲಿ ಬರೆಯುತ್ತಾರೆ. ಆದರೆ ಕ್ಯೂ ಎಂದರೆ ಏನು, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬ ತಿಳಿವಳಿಕೆಯನ್ನು ಮೂರು ನಾಲ್ಕು ತಲೆಮಾರು ಕಾಪಾಡಿದವರು ಮಾರ್ಕರುಗಳು. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಪೂಲ್ ಇಲ್ಲಿಗೆ ಬಂದದ್ದು ಬೇರೆ ದಾರಿಯಿಂದ, ಬಹಳ ತಡವಾಗಿ. ಪ್ರವಾಸಿಗರು ಹೆಚ್ಚಿದಂತೆ ತೋಟದ ಮನೆಗಳು ಹೋಂಸ್ಟೇಗಳಾದವು, ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ಅತಿಥಿಗಳಿಗೆ ಒಳಗೇ ಆಡಲು ಏನಾದರೂ ಬೇಕಾಯಿತು. ಕೇರಂ ಬೋರ್ಡಿನ ಪಕ್ಕಕ್ಕೆ ಪೂಲ್ ಮೇಜು ಬಂತು.

ಚೆಂಡು ಮತ್ತು ಮೇಜು

ಸ್ನೂಕರ್ ಮೇಜನ್ನು ಹನ್ನೆರಡಡಿಯದು ಎನ್ನುತ್ತಾರೆ. ಆಡುವ ಜಾಗದ ನಿಖರ ಅಳತೆ 3,569 × 1,778 ಮಿ.ಮೀ. ಕೆಳಗೆ ಸ್ಲೇಟು ಕಲ್ಲಿನ ಐದು ಹಲಗೆ, ಒಟ್ಟು ತೂಕ ಒಂದು ಟನ್ನಿಗೂ ಮೇಲೆ. ಹಾಸಿದ್ದು ಒಂದೇ ದಿಕ್ಕಿಗೆ ಮಲಗಿದ ಸಣ್ಣ ರೋಮವಿರುವ ಉಣ್ಣೆಯ ಬಟ್ಟೆ. ಚೆಂಡು 22, ಪ್ರತಿಯೊಂದರ ವ್ಯಾಸ 52.5 ಮಿ.ಮೀ., ತೂಕ ಸುಮಾರು 140 ಗ್ರಾಂ. ಚೆಂಡು ಬೀಳಬೇಕಾದ ಪಾಕೆಟ್ಟಿನ ಬಾಯಿ ಮೂರೂವರೆ ಇಂಚಿನ ಆಸುಪಾಸು, ಅಂಚುಗಳು ದುಂಡಗೆ. ಅಂಚಿಗೆ ತಾಗಿದ ಚೆಂಡನ್ನು ಆ ದುಂಡು ಹೊರಕ್ಕೇ ತಳ್ಳಿಬಿಡುತ್ತದೆ.

ಅಮೆರಿಕನ್ ಪೂಲಿನ ಸ್ಪರ್ಧಾ ಮೇಜು ಒಂಬತ್ತು ಅಡಿಯದು, ಆಡುವ ಜಾಗ 100 × 50 ಇಂಚು. ಹೋಂಸ್ಟೇಗಳಲ್ಲಿ ಸಿಗುವುದು ಹೆಚ್ಚಾಗಿ ಇದಕ್ಕಿಂತ ಚಿಕ್ಕದು. ಬಟ್ಟೆಗೆ ರೋಮವಿಲ್ಲ, ಚೆಂಡು ಬೇಗ ಓಡುತ್ತದೆ. ಚೆಂಡು 16, ವ್ಯಾಸ 57.15 ಮಿ.ಮೀ., ತೂಕ 156ರಿಂದ 170 ಗ್ರಾಂ. ಪಾಕೆಟ್ಟಿನ ಬಾಯಿ ಸ್ಪರ್ಧೆಯ ಮೇಜಿನಲ್ಲೂ ನಾಲ್ಕೂವರೆ ಇಂಚಿನಷ್ಟು. ಎರಡು ಚೆಂಡು ಸರಿಸುಮಾರು ಅಕ್ಕಪಕ್ಕ ಹಿಡಿಯುವಷ್ಟು ಅಗಲ.

ಈ ಅಂಕಿಗಳನ್ನು ಹೀಗೆ ಬಿಡಿಸಿ ಕೊಡಲು ಕಾರಣವಿದೆ. ಕ್ಯೂಗಳ ನಡುವಿನ ವ್ಯತ್ಯಾಸವೆಲ್ಲ ಇಲ್ಲಿಂದಲೇ ಹೊರಟಿದ್ದು. ಸ್ನೂಕರ್ ಕ್ಯೂವಿನ ಟಿಪ್ 9ರಿಂದ 10 ಮಿ.ಮೀ. ಅಗಲ, ಬಹುಮಂದಿಯ ಆಯ್ಕೆ 9.5. ಪೂಲ್ ಕ್ಯೂವಿನ ಟಿಪ್ 12ರಿಂದ 13 ಮಿ.ಮೀ. ಸ್ನೂಕರ್ ಕ್ಯೂವಿನ ತೂಕ 17ರಿಂದ 18.5 ಔನ್ಸ್, ಗ್ರಾಮಿನಲ್ಲಿ 480ರಿಂದ 525. ಪೂಲ್ ಕ್ಯೂ 19ರಿಂದ 21 ಔನ್ಸ್, ಅಂದರೆ 540ರಿಂದ 595 ಗ್ರಾಂ. ಹಗುರವಾದ ಚಿಕ್ಕ ಚೆಂಡಿನ ಮೇಲೆ, ಅದರ ನಡುಬಿಂದುವಿನಿಂದ ಕೂದಲೆಳೆಯಷ್ಟು ಆಚೆ ಈಚೆ ಟಿಪ್ ಇಡಬೇಕಾದಾಗ ಸಣ್ಣ ಟಿಪ್ ಬೇಕು. ಭಾರದ ದೊಡ್ಡ ಚೆಂಡನ್ನು ಜೋರಾಗಿ ತಳ್ಳಬೇಕಾದಾಗ ದಪ್ಪ ಟಿಪ್, ಬಿಗಿ ದಂಡ ಬೇಕು.

ನಡುವಿಗೆ ಹೊಡೆಯದೆ ಎಡಕ್ಕೋ ಬಲಕ್ಕೋ ಹೊಡೆದು ಚೆಂಡಿಗೆ ಸುತ್ತು ಕೊಡುವುದನ್ನು ಸೈಡ್ ಎನ್ನುತ್ತಾರೆ. ಬಲಕ್ಕೆ ಹೊಡೆದರೆ ಬಿಳಿ ಚೆಂಡು ಗುರಿಯ ನೇರ ಬಿಟ್ಟು ಸ್ವಲ್ಪ ಎಡಕ್ಕೆ ಸರಿದು ಹೋಗುತ್ತದೆ. ಹೀಗೆ ಸರಿಯುವುದು ಎಷ್ಟು ಎಂಬುದು ದಂಡದ ತುದಿಯ ತೂಕಕ್ಕೂ ಚೆಂಡಿನ ತೂಕಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ತುದಿ ಭಾರವಾಗಿ ಚೆಂಡು ಹಗುರವಾದಷ್ಟೂ ಸರಿತ ಹೆಚ್ಚು. ದಪ್ಪ ತುದಿಯ ಪೂಲ್ ಕ್ಯೂ ಹಿಡಿದು ಕ್ಲಬ್ಬಿನ ಸ್ನೂಕರ್ ಚೆಂಡಿಗೆ ಸೈಡ್ ಕೊಟ್ಟರೆ ಆಗುವ ಅನಾಹುತ ಇದೇ. ದಾರಿ ಒಂದೇ ಒಂದು ಡಿಗ್ರಿ ತಪ್ಪಿದರೂ ಮೂರು ಮೀಟರ್ ದೂರ ಹೋಗುವಷ್ಟರಲ್ಲಿ ಚೆಂಡು 52 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಅದು ಹೆಚ್ಚುಕಡಿಮೆ ಒಂದು ಇಡೀ ಚೆಂಡಿನ ಅಗಲ. ಎಂಟಡಿಯ ಮೇಜಿನಲ್ಲಿ ಮುಚ್ಚಿಹೋಗುವ ತಪ್ಪು ಹನ್ನೆರಡಡಿಯಲ್ಲಿ ಬಯಲಾಗುತ್ತದೆ.

ತಿರುಗಿಸಿ ನೋಡಿದರೆ, ಸ್ನೂಕರ್ ಕ್ಯೂ ಹಿಡಿದು ಪೂಲ್ ಆಡುವವನಿಗೆ ಈ ತೊಂದರೆ ಕಡಿಮೆ. ಸಣ್ಣ ತುದಿ, ಭಾರದ ಚೆಂಡು. ಸರಿತ ತೀರ ಅಲ್ಪ. ಅವನ ಕಷ್ಟ ಬೇರೆ, ಅದು ಬ್ರೇಕ್. ಸ್ನೂಕರಿನಲ್ಲಿ ಮೊದಲ ಹೊಡೆತ ನಾಜೂಕಿನದು. ಕೆಂಪು ಚೆಂಡುಗಳ ಗುಂಪಿನ ಅಂಚನ್ನು ಬಿಳಿ ಚೆಂಡು ಸವರಿಕೊಂಡು ತಾನು ಹೊರಟ ಕಡೆಗೇ ಮರಳಬೇಕು. ಪೂಲಿನಲ್ಲಿ ಒತ್ತೊತ್ತಾಗಿ ಜೋಡಿಸಿದ 15 ಚೆಂಡುಗಳನ್ನು, ಸುಮಾರು 2.4 ಕಿಲೋ ರಾಶಿಯನ್ನು, ಒಂದೇ ಏಟಿಗೆ ಚದುರಿಸಬೇಕು. ಒಂಬತ್ತೂವರೆ ಮಿಲಿಮೀಟರಿನ ಆಶ್ ಮರದ ತುದಿ ಈ ಏಟು ತಿನ್ನಲು ಹುಟ್ಟಿದ್ದಲ್ಲ. ಟಿಪ್ ಹಣಬೆಯಂತೆ ಅಗಲವಾಗುತ್ತದೆ, ಹಿತ್ತಾಳೆ ಫೆರೂಲ್ ಸಡಿಲುತ್ತದೆ, ಕೆಲವು ಸಲ ಫೆರೂಲಿನ ಕೆಳಗಿನ ಮರವೇ ಸೀಳುತ್ತದೆ. ವೃತ್ತಿಪರ ಪೂಲ್ ಆಟಗಾರರು ಕೂಡ ಬ್ರೇಕಿಗೆ ಬೇರೆ, ಆಟಕ್ಕೆ ಬೇರೆ ಕ್ಯೂ ಇಟ್ಟುಕೊಳ್ಳುವುದು ಇದಕ್ಕೇ.

ಇಂಗ್ಲಿಷ್ ಪೂಲ್ ಎಂಬ ಮೂರನೆಯ ಬಗೆಯೂ ಉಂಟು. ಏಳಡಿಯ ಮೇಜು, ಎರಡಿಂಚಿನ ಚೆಂಡು, ಅದಕ್ಕಿಂತಲೂ ಚಿಕ್ಕದಾದ ಬಿಳಿ ಚೆಂಡು. ಅದರ ಕ್ಯೂವಿನ ಟಿಪ್ 8ರಿಂದ 8.5 ಮಿ.ಮೀ. ಅಂಗಡಿಯವನು ಪೂಲ್ ಕ್ಯೂ ಎಂದು ತೋರಿಸಿದ್ದು ಹದಿಮೂರು ಮಿಲಿಮೀಟರಿನದೋ ಎಂಟೂವರೆಯದೋ ಎಂದು ಅಳೆದು ನೋಡದೆ ಹಣ ಕೊಡಬಾರದು. ಎರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ದಂಡ, ಜಾಯಿಂಟ್, ಬಟ್

ಸ್ನೂಕರ್ ದಂಡಕ್ಕೆ ಹೆಚ್ಚಾಗಿ ಬಳಸುವುದು ಆಶ್ ಮರ, ಪೂಲ್ ದಂಡಕ್ಕೆ ಮೇಪಲ್. ಎರಡೂ ತಂಪು ದೇಶದ ಮರಗಳು. ಆಶ್ ಮರದ ನಾರು ಕಣ್ಣಿಗೆ ಎದ್ದು ಕಾಣುತ್ತದೆ. ಚೆನ್ನಾಗಿ ಸೀಳಿದ ದಂಡದ ಮೇಲ್ಮೈಯಲ್ಲಿ ಈ ನಾರು ಬಾಣದ ಮೊನೆಗಳ ಸಾಲಿನಂತೆ ಮೂಡಿರುತ್ತದೆ. ಆಟಗಾರ ಆ ಮೊನೆಗಳು ಮೇಲಕ್ಕೆ ಬರುವಂತೆ ಕ್ಯೂ ಹಿಡಿಯುತ್ತಾನೆ. ಬಟ್ಟಿನ ಕೊನೆಯಲ್ಲಿ ತಯಾರಕರ ಬಿಲ್ಲೆ ಕೂರಿಸಲು ಒಂದು ಪಕ್ಕವನ್ನು ಚಪ್ಪಟೆ ಮಾಡಿರುತ್ತಾರೆ, ಅದು ಅಂಗೈಗೆ ಸಿಗುತ್ತದೆ. ಹೀಗೆ ಪ್ರತಿ ಹೊಡೆತಕ್ಕೂ ಕ್ಯೂ ಒಂದೇ ಮಗ್ಗುಲಲ್ಲಿ ಇರುತ್ತದೆ, ಮರ ಬಾಗುವ ರೀತಿಯೂ ಒಂದೇ ಆಗಿರುತ್ತದೆ. ಮೇಪಲ್ ನುಣುಪು ಮರ, ನಾರು ಹೆಚ್ಚು ಕಾಣದು. ಕೆಲವರು ಗುರಿ ನೋಡುವಾಗ ಕಣ್ಣಿಗೆ ಯಾವ ಗೆರೆಯೂ ಅಡ್ಡ ಬರಬಾರದೆಂದು ಸ್ನೂಕರಿಗೂ ಮೇಪಲ್ ಆರಿಸುತ್ತಾರೆ.

ಎರಡು ದಂಡಗಳ ಇಳಿಜಾರಿನಲ್ಲೂ ವ್ಯತ್ಯಾಸವಿದೆ, ಕೊಳ್ಳುವವರು ಗಮನಿಸದೆ ಬಿಡುವುದು ಇದನ್ನೇ. ಸ್ನೂಕರ್ ಕ್ಯೂ ಬಟ್ಟಿನಿಂದ ತುದಿಯವರೆಗೆ ಒಂದೇ ಸಮನೆ ಸಣ್ಣಗಾಗುತ್ತ ಬರುತ್ತದೆ. ಪೂಲ್ ಕ್ಯೂವಿನಲ್ಲಿ ತುದಿಯಿಂದ ಹತ್ತು ಹನ್ನೆರಡು ಇಂಚಿನವರೆಗೆ ದಪ್ಪ ಹೆಚ್ಚುಕಡಿಮೆ ಒಂದೇ. ಕಾರಣ ಎಡಗೈಯಲ್ಲಿದೆ. ಪೂಲ್ ಆಟಗಾರ ತೋರುಬೆರಳನ್ನು ದಂಡದ ಸುತ್ತ ಉಂಗುರದ ಹಾಗೆ ಸುತ್ತಿ, ಅದರೊಳಗಿಂದ ಕ್ಯೂ ಓಡಿಸುತ್ತಾನೆ. ದಂಡ ಮುಂದಕ್ಕೆ ಹೋದಂತೆ ದಪ್ಪವಾದರೆ ಉಂಗುರ ಬಿಗಿಯುತ್ತದೆ. ಸ್ನೂಕರ್ ಆಟಗಾರ ಅಂಗೈ ಊರಿ, ಹೆಬ್ಬೆರಳು ಎತ್ತಿ, ಅಲ್ಲಿ ಆಗುವ ಸಂದಿನಲ್ಲಿ ಕ್ಯೂ ಜಾರಿಸುತ್ತಾನೆ. ಅವನಿಗೆ ಇಳಿಜಾರು ಅಡ್ಡಿಯಾಗದು. ನಮ್ಮಲ್ಲಿ ಆಟ ಕಲಿತವರಲ್ಲಿ ಹೆಚ್ಚಿನವರು ಪೂಲ್ ಮೇಜಿನಲ್ಲೂ ಈ ತೆರೆದ ಹಿಡಿತದಲ್ಲೇ ಆಡುತ್ತಾರೆ. ಅವರಿಗೆ ಪೂಲ್ ದಂಡದ ಈ ಅನುಕೂಲ ಉಪಯೋಗಕ್ಕೆ ಬರುವುದೇ ಇಲ್ಲ.

ಜಾಯಿಂಟಿನಲ್ಲಿ ಮೂರು ಬಗೆ. ಜಾಯಿಂಟಿಲ್ಲದ ಒಂದೇ ತುಂಡು, ನಟ್ಟನಡುವೆ ತಿರುಪಿನಿಂದ ಬಿಚ್ಚುವುದು, ಬಟ್ಟಿನ ಹತ್ತಿರ ಮುಕ್ಕಾಲು ಭಾಗದಲ್ಲಿ ಬಿಚ್ಚುವುದು. ಪೂಲ್ ಕ್ಯೂ ನಡುವಿನಲ್ಲೇ ಎರಡಾಗುತ್ತದೆ, ತಲಾ 29 ಇಂಚಿನ ತುಂಡುಗಳು ಸಣ್ಣ ಪೆಟ್ಟಿಗೆಗೆ ಹಿಡಿಯುತ್ತವೆ. ಕಳಸದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಒಯ್ಯುವವರಿಗೆ ಇದು ಸಣ್ಣ ಸೌಕರ್ಯವಲ್ಲ. ಸ್ನೂಕರ್ ಆಟಗಾರರು ಮುಕ್ಕಾಲಿನ ಜಾಯಿಂಟನ್ನು ಇಷ್ಟಪಡುತ್ತಾರೆ. ಲೋಹದ ತುಂಡು ಹಿಂಗೈಯ ಹತ್ತಿರ ಹೋದಷ್ಟೂ ಮುಂದಿನ ದಂಡ ಅಖಂಡ ಮರವಾಗಿ ಉಳಿಯುತ್ತದೆ, ಹೊಡೆತದ ಸ್ಪರ್ಶ ಕೈಗೆ ಶುದ್ಧವಾಗಿ ಬರುತ್ತದೆ. ಪೆಟ್ಟಿಗೆ ಮಾತ್ರ ನಾಲ್ಕಡಿಯಷ್ಟು ಉದ್ದವಾಗುತ್ತದೆ.

ಬಟ್ಟಿಗೆ ಎಬೋನಿ ಎಂಬ ಕರಿಮರ ಅಥವಾ ಬೀಟೆಯಂಥ ಭಾರದ ಮರ. ಇದು ಅಲಂಕಾರಕ್ಕಲ್ಲ, ಹಿಂಭಾಗಕ್ಕೆ ತೂಕ ಕೊಟ್ಟು ಕ್ಯೂವನ್ನು ತೂಗಿಸಲು. ಕೈಯಿಂದ ಬೆಸೆದ ಬಟ್ಟಿನಲ್ಲಿ ಕಪ್ಪು ಮರ ಬಿಳಿ ಮರದೊಳಕ್ಕೆ ನಾಲ್ಕು ದುಂಡು ಕಮಾನುಗಳಾಗಿ ಇಳಿದಿರುತ್ತದೆ. ಯಂತ್ರದ ಬೆಸುಗೆಯಲ್ಲಿ ಮೊನೆಗಳು ಚೂಪು. ಪೂಲ್ ಕ್ಯೂಗಳಲ್ಲಿ ಹಿಡಿಯುವ ಜಾಗಕ್ಕೆ ನಾರಗಸೆ ದಾರ ಅಥವಾ ಚರ್ಮ ಸುತ್ತಿರುತ್ತಾರೆ, ಬೆವರು ಹೀರಲಿ ಎಂದು.

ಬೀಟೆ ನಮ್ಮ ಬೆಟ್ಟಗಳದೇ ಮರ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಉಳಿಸಿಕೊಂಡ ಹಳೆಯ ಬೀಟೆಗಳು ಇಂದಿಗೂ ಇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಕಡಿಯುವಂತಿಲ್ಲ. ಬೀಟೆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ 2017ರಿಂದ ನಿಯಂತ್ರಣದಲ್ಲಿದೆ. ಬೀಟೆ ಬಟ್ಟಿನ ಕ್ಯೂ ಕೊಳ್ಳುವವರು ಮರದ ಮೂಲ ಕೇಳಿ ತಿಳಿಯುವುದು ಒಳ್ಳೆಯದು. ಇನ್ನು ಊರಿನ ಬಡಗಿಯಿಂದಲೇ ಒಂದು ಕ್ಯೂ ಮಾಡಿಸಿದರೇನು ಎಂಬ ಆಸೆ ಹಲವರಿಗಿದೆ. ಕಾಫಿ ಗಿಡದ ಕಾಂಡದಿಂದ ಚಂದದ ಊರುಗೋಲು ಮಾಡುತ್ತಾರೆ ನಿಜ. ಆದರೆ ಅದರ ಗಂಟು, ತಿರುಚುಗಳ ನಡುವೆ ನಾಲ್ಕಡಿ ನೇರ ನಾರು ಸಿಗುವುದಿಲ್ಲ. ಸಿಲ್ವರ್ ಓಕ್ ನೇರವಾಗಿ ಬೆಳೆದರೂ ಅದು ಪ್ಲೈವುಡ್ಡಿಗೆ, ಪೆಟ್ಟಿಗೆಗೆ ಹೋಗುವ ಮರ. ದಂಡಕ್ಕೆ ಆಶ್ ಅಥವಾ ಮೇಪಲ್ಲೇ ಸರಿ.

ಟಿಪ್

ಕ್ಯೂವಿಗೆ ಸಾವಿರಾರು ರೂಪಾಯಿ ಸುರಿದು ಟಿಪ್ಪನ್ನು ಕಡೆಗಣಿಸುವವರೇ ಹೆಚ್ಚು. ಚೆಂಡಿಗೆ ತಾಗುವುದು ಟಿಪ್ ಮಾತ್ರ. ಹತ್ತೊಂಬತ್ತನೇ ಶತಮಾನದ ಆದಿಯಲ್ಲಿ ಫ್ರಾನ್ಸಿನ ಮಾಂಗೋ ಎಂಬಾತ ಕ್ಯೂವಿನ ತುದಿಗೆ ಚರ್ಮ ಕಟ್ಟಿದ ಮೇಲೆಯೇ ಚೆಂಡಿಗೆ ಬೇಕಾದ ಸುತ್ತು ಕೊಡುವ ವಿದ್ಯೆ ಬೆಳೆದದ್ದು. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಈಗಿನ ಚಾಕಿಗೆ ಪೇಟೆಂಟ್ ಪಡೆದ. ಹೆಸರು ಚಾಕ್ ಆದರೂ ಅದರಲ್ಲಿರುವುದು ಸುಣ್ಣವಲ್ಲ, ಸಿಲಿಕಾ ಮತ್ತು ಗಟ್ಟಿ ಖನಿಜದ ಪುಡಿ. ಚರ್ಮ ಚೆಂಡಿನ ಮೇಲೆ ಜಾರದಂತೆ ಅದು ಹಿಡಿಯುತ್ತದೆ.

ಅನುಭವಿ ಮಾರ್ಕರ್ ಟಿಪ್ ಬದಲಿಸುವುದನ್ನು ಹತ್ತಿರ ನಿಂತು ನೋಡಬೇಕು. ಹಳೆಯ ಟಿಪ್ಪನ್ನು ಬ್ಲೇಡಿನಿಂದ ಎಬ್ಬಿಸಿ ತೆಗೆದು, ಫೆರೂಲಿನ ಮೇಲೆ ಉಳಿದ ಅಂಟನ್ನು ಕೆರೆದು, ಚಪ್ಪಟೆ ಅರದ ಮೇಲೆ ಕ್ಯೂವನ್ನು ಲಂಬವಾಗಿ ಹಿಡಿದು ಎರಡು ಸಲ ಸವರುತ್ತಾನೆ. ಹಿತ್ತಾಳೆ ಹೊಸದರಂತೆ ಹೊಳೆಯುತ್ತದೆ. ಹೊಸ ಟಿಪ್ಪಿನ ಅಡಿಯನ್ನು ಮರಳುಕಾಗದಕ್ಕೆ ಉಜ್ಜಿ ಒರಟು ಮಾಡುತ್ತಾನೆ, ಒಂದು ಹನಿ ಅಂಟು ಹಚ್ಚಿ ಕೂರಿಸುತ್ತಾನೆ, ಬೆರಳಿನಿಂದ ಒತ್ತಿ ಹಿಡಿದು ತಿರುಗಿಸಿ ನೋಡುತ್ತಾನೆ. ಟಿಪ್ ಫೆರೂಲಿಗಿಂತ ಒಂದಿಷ್ಟು ಅಗಲವಾಗಿಯೇ ಇರಬೇಕು. ಅಂಟು ಒಣಗಿದ ಮೇಲೆ ಕ್ಯೂವನ್ನು ತಲೆಕೆಳಗು ಮಾಡಿ, ಟಿಪ್ಪನ್ನು ಮೇಜಿನ ಹಲಗೆಗೆ ಊರಿ, ಹೊರಚಾಚಿದ ಚರ್ಮವನ್ನು ಬ್ಲೇಡಿನಿಂದ ಫೆರೂಲಿನ ನೇರಕ್ಕೆ ಕತ್ತರಿಸುತ್ತಾನೆ. ಬಳಿಕ ಮರಳುಕಾಗದದಿಂದ ಮೇಲ್ಭಾಗವನ್ನು ಗುಮ್ಮಟದ ಹಾಗೆ ದುಂಡು ಮಾಡುತ್ತಾನೆ. ಕೊನೆಗೆ ಪಕ್ಕವನ್ನು ಎಂಜಲಲ್ಲಿ ಒದ್ದೆ ಮಾಡಿ ಬಟ್ಟೆಯಿಂದ ತಿಕ್ಕಿದರೆ ಚರ್ಮ ಗಟ್ಟಿಯಾಗಿ ಹೊಳಪೇರುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು, ಅಂಟು ಒಣಗುವ ಹೊತ್ತು ಬೇರೆ.

ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್ ಹೆಸರಿನ ಒತ್ತಿದ ಚರ್ಮದ ಟಿಪ್‌ಗಳು ಬಹುಕಾಲದಿಂದ ಬಳಕೆಯಲ್ಲಿವೆ. ಮೊದಲನೆಯದು ಮೆತ್ತಗೆ, ಎರಡನೆಯದು ಅದಕ್ಕಿಂತ ಸ್ವಲ್ಪ ಗಟ್ಟಿ. ಪದರ ಪದರವಾಗಿ ಅಂಟಿಸಿದ ಟಿಪ್‌ಗಳು ಈಚಿನವು, ಬೆಲೆ ಹೆಚ್ಚು, ಆಕಾರ ಬೇಗ ಕೆಡುವುದಿಲ್ಲ. ತೇವದ ನಾಡಿನಲ್ಲಿ ಮೆತ್ತನೆಯ ಟಿಪ್ ಇನ್ನಷ್ಟು ಮೆತ್ತಗಾಗುತ್ತದೆ. ಮಧ್ಯಮ ಗಟ್ಟಿತನದ್ದು ಇಲ್ಲಿಗೆ ಹೊಂದುತ್ತದೆ.

ಮಳೆಗಾಲ

ಮೂಡಿಗೆರೆ, ಕಳಸದ ಕಡೆ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಷಾಢದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು ಎಲ್ಲದರ ಮೇಲೂ ಬೂಸ್ಟು. ಕ್ಯೂವಿನ ಪಾಡೂ ಅದೇ. ಮರ ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಊದಿಕೊಳ್ಳುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಆಗುವ ವ್ಯತ್ಯಾಸ ತೀರ ಕಡಿಮೆ. ಎಲ್ಲ ಪಕ್ಕಕ್ಕೂ ಸಮನಾಗಿ ಊದಿದರೆ ತೊಂದರೆಯಿಲ್ಲ, ಒಂದು ಪಕ್ಕ ಹೆಚ್ಚು ಹೀರಿದರೆ ಕೋಲು ಸೊಟ್ಟಗಾಗುತ್ತದೆ. ತಣ್ಣನೆಯ ಗೋಡೆಗೆ ಒರಗಿಸಿಟ್ಟ ಕ್ಯೂವಿಗೆ ಎರಡು ಕೆಡುಕು ಒಟ್ಟಿಗೇ. ಗೋಡೆಯ ಕಡೆಯ ಪಕ್ಕ ತೇವ ಕುಡಿಯುತ್ತದೆ, ತನ್ನ ತೂಕಕ್ಕೇ ನಡು ಬಾಗುತ್ತದೆ. ಹೋಂಸ್ಟೇಗಳ ಮೂಲೆಯಲ್ಲಿ ನಿಂತ ಕ್ಯೂಗಳಲ್ಲಿ ನೆಟ್ಟಗಿರುವುದು ಸಿಗದಿರಲು ಇದೇ ಕಾರಣ.

ಕೆಲವರು ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲೋ ಬಚ್ಚಲ ಹಂಡೆಯ ಹತ್ತಿರವೋ ಇಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಕಾಫಿ ಬೀಜದ ತೇವವನ್ನು ಶೇಕಡಾ ಹತ್ತು ಹನ್ನೊಂದಕ್ಕೆ ತರಲು ಕಣದಲ್ಲಿ ದಿನವಿಡೀ ಕೆದಕಿ ಹರಡುವ ಬೆಳೆಗಾರರಿಗೆ, ಅವಸರದ ಬಿಸಿ ಎಷ್ಟು ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಕ್ಯೂವಿಗೂ ಬೇಕಾದದ್ದು ಏರಿಳಿತವಿಲ್ಲದ ಸ್ಥಿತಿ. ಗಟ್ಟಿ ಪೆಟ್ಟಿಗೆಯೊಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪೆಟ್ಟಿಗೆಯನ್ನು ಮಟ್ಟಸವಾದ ಮರದ ಕಪಾಟಿನಲ್ಲಿ ಮಲಗಿಸಿಡುವುದು ಎಲ್ಲಕ್ಕಿಂತ ಒಳ್ಳೆಯದು. ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬದಲಿಸಬೇಕು.

ಆಶ್ ದಂಡಕ್ಕೆ ಸಾಮಾನ್ಯವಾಗಿ ಗಟ್ಟಿ ವಾರ್ನಿಶ್ ಇರುವುದಿಲ್ಲ, ಎಣ್ಣೆಯ ಲೇಪವಷ್ಟೇ. ಮಳೆಗಾಲಕ್ಕೆ ಮೊದಲು, ಒಣ ಹವೆಯಲ್ಲಿ, ಕುದಿಸದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಕಾಲು ಗಂಟೆಯ ಮೇಲೆ ಪೂರ್ತಿ ಒರೆಸಿ, ಕೆಲವು ದಿನ ಒಣಗಲು ಬಿಡಬೇಕು. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಚ್ಚಬಾರದು. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ತೆಂಗಿನೆಣ್ಣೆ ಹಾಗೆ ಒಣಗದೆ ಮರದಲ್ಲಿ ಕೂತು ಧೂಳು ಹಿಡಿಯುತ್ತದೆ, ಕೈಗೆ ಅಂಟುತ್ತದೆ. ಕಾರ್ಬನ್ ಫೈಬರ್ ದಂಡಗಳು ತೇವಕ್ಕೆ ಬಾಗುವುದಿಲ್ಲ. ಪೂಲ್ ಆಟದಲ್ಲಿ ಇವು ಬಹಳ ಹಬ್ಬಿವೆ, ಸ್ನೂಕರಿಗೂ ಬಂದಿವೆ. ಬೆಲೆ ಹೆಚ್ಚು. ಮರದ ದಂಡ ಕೊಡುವ ಸ್ಪರ್ಶಕ್ಕೆ ಒಗ್ಗಿದ ಕೈಗೆ ಅವು ಮೊದಮೊದಲು ಸತ್ತಂತೆ ಎನಿಸಬಹುದು. ಆದರೂ ವರ್ಷದ ನಾಲ್ಕು ತಿಂಗಳು ಮೋಡದೊಳಗೇ ಇರುವ ತೋಟದಲ್ಲಿ ಪೂಲ್ ಮಾತ್ರ ಆಡುವವರು ಅದನ್ನು ಕೊಂಡರೆ ತಪ್ಪಿಲ್ಲ.

ಮಳೆ ಆಟವನ್ನೂ ಬದಲಿಸುತ್ತದೆ. ಬಟ್ಟೆ ತೇವ ಹೀರಿ ಚೆಂಡು ನಿಧಾನವಾಗುತ್ತದೆ, ಮೇಜಿನ ಅಂಚಿನ ಕುಷನ್ನಿನಿಂದ ಚೆಂಡು ಪುಟಿಯುವ ರೀತಿಯೂ ಬೇರೆಯಾಗುತ್ತದೆ. ದೊಡ್ಡ ಸ್ಪರ್ಧೆಗಳ ಮೇಜಿನಲ್ಲಿ ಸ್ಲೇಟಿನ ಕೆಳಗೆ ಹೀಟರ್ ಇರುವುದು ಇದನ್ನು ತಡೆಯಲೆಂದೇ. ಅಂಥ ಸೌಲಭ್ಯ ಇಲ್ಲದ ಕಡೆ ಜುಲೈನಲ್ಲಿ ಆಟ ಭಾರವಾಗುತ್ತದೆ. ಆಗ ತೀರ ಹಗುರ ಕ್ಯೂ ಹಿಡಿದವರು ತೋಳಿನ ಬಲ ಸುರಿದು ಹೊಡೆತದ ನೇರ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ಹವಾನಿಯಂತ್ರಿತ ಪಾರ್ಲರಿನಲ್ಲಿ 17 ಔನ್ಸ್ ಸಾಕೆನಿಸಿದವರಿಗೂ ಮೂಡಿಗೆರೆಯಲ್ಲಿ 18 ಹಿತವಾಗುತ್ತದೆ.

ಕರ್ನಾಟಕದ ಆಟಗಾರರು

ಕರ್ನಾಟಕದಲ್ಲಿ ಈ ಆಟಗಳ ಕೇಂದ್ರ ಬೆಂಗಳೂರು, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇರುವುದೂ ಅಲ್ಲೇ. ಅರವಿಂದ ಸವೂರ್ ಅವರ ಗರಡಿಯಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದರು. 2006ರ ದೋಹಾ, 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ ಅವರದೇ. 2024ರ ಕೊನೆಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ಬೆಂಗಳೂರಿನ ಆರ್. ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಚಿತ್ರಾ ಮಗಿಮೈರಾಜ್ ಸ್ನೂಕರ್, ಬಿಲಿಯರ್ಡ್ಸ್, ಪೂಲ್ ಮೂರರಲ್ಲೂ ಸ್ಪರ್ಧಿಸಿದವರು. ಒಂದು ಮೇಜಿನಲ್ಲಿ ಕಲಿತ ಕೈ ಇನ್ನೊಂದಕ್ಕೆ ಒಗ್ಗುತ್ತದೆ ಎನ್ನಲು ಇಂಥವರೇ ಸಾಕ್ಷಿ.

ಕೊಳ್ಳುವಾಗ

ಉದ್ದ ಮೊದಲು. ಕ್ಯೂವನ್ನು ನೆಲಕ್ಕೆ ಊರಿ ಪಕ್ಕದಲ್ಲಿ ನಿಂತಾಗ ಟಿಪ್ ಕಂಕುಳಿಗೂ ಹೆಗಲಿಗೂ ನಡುವೆ ಬರಬೇಕೆಂಬುದು ಹಳೆಯ ಲೆಕ್ಕ. ಐದಡಿ ಎತ್ತರದವರಿಗೆ 58 ಇಂಚು ಉದ್ದವಾದೀತು. ಸ್ನೂಕರಿನಲ್ಲಿ ಕ್ಯೂ ಮೂರಡಿಗಿಂತ ಗಿಡ್ಡ ಇರಬಾರದು ಎಂಬುದಷ್ಟೇ ನಿಯಮ, ಪೂಲಿನಲ್ಲಿ ಕನಿಷ್ಠ 40 ಇಂಚು, ತೂಕ 25 ಔನ್ಸ್ ಮೀರಬಾರದು. ನೇರ ನೋಡಲು ಅಂಗಡಿಗಳಲ್ಲಿ ಕ್ಯೂವನ್ನು ಮೇಜಿನ ಮೇಲೆ ಉರುಳಿಸಿ ತೋರಿಸುತ್ತಾರೆ. ಸ್ನೂಕರ್ ಬಟ್ಟಿನ ಚಪ್ಪಟೆ ಪಕ್ಕದಿಂದಾಗಿ ನೆಟ್ಟಗಿನ ಕ್ಯೂ ಕೂಡ ಉರುಳುವಾಗ ಎಗರಬಹುದು. ಬಟ್ಟಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ತುದಿಯವರೆಗೆ ನೋಡುತ್ತ, ನಿಧಾನ ಸುತ್ತ ತಿರುಗಿಸುವುದೇ ಸರಿಯಾದ ಪರೀಕ್ಷೆ. ಜಾಯಿಂಟನ್ನು ಬಿಗಿದು ಬಟ್ಟಿನ ಹತ್ತಿರ ಬೆರಳಿನಿಂದ ತಟ್ಟಿ ಕೇಳಬೇಕು. ಕಿರಿಕಿರಿ ಸದ್ದು ಬಂದರೆ ತಿರುಪು ಸಡಿಲ. ಮಳೆಗಾಲದಲ್ಲಿ ಕೊಳ್ಳುವುದಕ್ಕಿಂತ ಜನವರಿಯಿಂದ ಏಪ್ರಿಲ್ ಒಳಗೆ ಕೊಂಡರೆ ಮರದ ನಿಜ ಸ್ಥಿತಿ ತಿಳಿಯುತ್ತದೆ.

ಪೂಲ್ ಮಾತ್ರ ಆಡುವವರು ಪೂಲ್ ಕ್ಯೂವನ್ನೇ ಕೊಳ್ಳಲಿ, ಅದರಲ್ಲಿ ಎರಡು ಮಾತಿಲ್ಲ. ಎರಡೂ ಮೇಜುಗಳಲ್ಲಿ ಆಡುವ, ಒಂದೇ ಕ್ಯೂವಿಗೆ ಹಣ ಇರುವ ಮಲೆನಾಡಿನ ಆಟಗಾರರು ಕೊಳ್ಳಬೇಕಾದದ್ದು ಸ್ನೂಕರ್ ಕ್ಯೂ: 57 ಇಂಚಿನ ಆಶ್ ದಂಡ, 9.5ರಿಂದ 10 ಮಿ.ಮೀ. ಟಿಪ್, 18 ಔನ್ಸ್, ಮುಕ್ಕಾಲು ಜಾಯಿಂಟ್. ಪೂಲ್ ಆಡುವಾಗ ಬ್ರೇಕಿಗೆ ಮಾತ್ರ ಅಲ್ಲಿಯ ಗೋಡೆಯ ಕ್ಯೂ ಎತ್ತಿಕೊಂಡು, ಆ ಒಂದು ಹೊಡೆತ ಮುಗಿದ ಮೇಲೆ ತಮ್ಮದನ್ನು ಹಿಡಿಯಲಿ.